ಮಾವನಿಗೊಂದು ಹೋಮ್ ಥಿಯೇಟರ್

ಹೆಂಡತಿ ಫೋನಿನಲ್ಲಿ ಆಡಿದ ಒಂದು ಸಣ್ಣ ಮಾತಿನಿಂದ ಇಷ್ಟೆಲ್ಲ ಆಯಿತು. "ಅಪ್ಪಾ, ನೀವು ಬರೋಷ್ಟರಲ್ಲಿ ಹೊಸ ಮನೆಗೆ ಹೋಮ್ ಥಿಯೇಟರ್ ಬಂದಿರುತ್ತೆ. ನಿಮ್ಮ ಅಳಿಯನೇ ಖುದ್ದಾಗಿ ಆರಿಸ್ತಿದಾರೆ, ನಿಮಗೋಸ್ಕರ" ಎಂದು ಅವಳು ಹೇಳುವಾಗ ಕನ್ನಡಕದವನು ಪಕ್ಕದಲ್ಲೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಚಾಕು ಅಲ್ಲೇ ನಿಂತಿತು. ಅವನು ಏನನ್ನೂ ಆರಿಸುತ್ತಿರಲಿಲ್ಲ. ಆರಿಸುವುದೆಂದರೆ ಅವನಿಗೆ ಸಣ್ಣಗೆ ಜ್ವರ ಬಂದ ಹಾಗಾಗುತ್ತಿತ್ತು.

ಹಾಗೆ ನೋಡಿದರೆ ಬೇರೆಯವರ ಕೈಲಿ ಆರಿಸುವಂತೆ ಮಾಡುವುದೇ ಅವನ ಕಸುಬು. ಹೊರದೇಶದ ಈ ಊರಿನ ಒಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಕಣ್ಣು ಪರೀಕ್ಷೆ ಮಾಡುತ್ತಿದ್ದ. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ ಬದಲಿಸುತ್ತ, "ಒಂದನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?" ಎಂದು ದಿನವಿಡೀ ತಣ್ಣಗೆ ಕೇಳುತ್ತಿದ್ದ. ಅದೇ ಮನುಷ್ಯ ಮನೆಗೆ ಬಂದರೆ, ತೂಗುಹಾಕಿದ ಎರಡು ಟವೆಲುಗಳಲ್ಲಿ ಯಾವುದರಿಂದ ಒರೆಸಿಕೊಳ್ಳಬೇಕೆಂದು ತೋಚದೆ ಒದ್ದೆ ಮುಖದಲ್ಲೇ ನಿಂತಿರುತ್ತಿದ್ದ.

ಮಾವನ ಸಂಗತಿ ಬೇರೆ. ಅವರು ಒಂದು ಕಾಲದಲ್ಲಿ ಸಿನಿಮಾ ಥಿಯೇಟರಿನ ಆಪರೇಟರ್. ಜನ ಕೂರುವ ಸಾಲುಗಳ ಹಿಂದೆ, ಎತ್ತರದಲ್ಲಿ, ಗೂಡಿನಂಥ ಯಂತ್ರದ ಕೋಣೆಯಲ್ಲಿ ನಿಂತು ರೀಲು ಓಡಿಸಿದವರು. ಥಿಯೇಟರ್ ಮುಚ್ಚಿ ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಈ ಮಾವ, ಮದುವೆಯಾಗಿ ಮೂರು ವರ್ಷವಾದರೂ, ಅಳಿಯನ ಜೊತೆ ಒಂದೇ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಜಗಳವಾಗಿರಲಿಲ್ಲ. ಮುನಿಸೂ ಕಾಣುತ್ತಿರಲಿಲ್ಲ. ಇಬ್ಬರೂ ಒಂದೇ ಮೇಜಿನಲ್ಲಿ ಕೂತಿದ್ದರೂ ಅವರು ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಲಿ" ಅನ್ನುತ್ತಿದ್ದರು. ಕನ್ನಡಕದವನು ಗೌರವದಿಂದ ಅವರನ್ನೇ ನೋಡುತ್ತ, "ಸಾಕು ಮಾವ" ಎಂದು ನೇರವಾಗಿಯೇ ಉತ್ತರಿಸುತ್ತಿದ್ದ. ಆ ಉತ್ತರ ಬಾವಿಗೆ ಬಿದ್ದ ಕೊಡದ ಹಾಗೆ ಎಲ್ಲೋ ಹೋಗಿ ಮುಳುಗುತ್ತಿತ್ತು. ಫೋನನ್ನು ಅವನು ಎತ್ತಿಕೊಂಡರೆ ಆ ಕಡೆ ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿ, ಸಂಪರ್ಕ ಕಡಿದುಹೋಗುತ್ತಿತ್ತು.

ತಾನು ಏನು ತಪ್ಪು ಮಾಡಿದೆ ಎಂದು ಅವನು ಬಹಳ ಯೋಚಿಸಿದ್ದ. ಮದುವೆಯ ದಿನ ಮಾವನ ಕಾಲು ತುಳಿದಿದ್ದೆನೇ? ಯಾವುದಾದರೂ ಪ್ರಶ್ನೆಗೆ ಕುರ್ಚಿಯಿಂದ ಏಳದೆ ಉತ್ತರ ಕೊಟ್ಟಿದ್ದೆನೇ? ಹೆಂಡತಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಅವಳು ಅಪ್ಪನನ್ನು ಕೇಳಿದಾಗ, ಮಾತಾಡೋಕೆ ಏನಿದೆ ಅಂದುಬಿಟ್ಟಿದ್ದರಂತೆ.

"ಇನ್ನು ನನ್ನ ಕೈಲಾಗಲ್ಲ ರೀ," ಎಂದಳು ಹೆಂಡತಿ, ಫೋನು ಕೆಳಗಿಟ್ಟು. ಅವಳು ತುಂಬು ಬಸುರಿ. ಕುರ್ಚಿಯಿಂದ ಏಳುವುದಕ್ಕೂ ಮೇಜಿನ ಅಪ್ಪಣೆ ಕೇಳುತ್ತಿದ್ದಳು. "ಮೂರು ವರ್ಷದಿಂದ ನಿಮ್ಮಿಬ್ಬರ ಮಧ್ಯೆ ಅಂಚೆ ಕಚೇರಿ ಆಗಿದೀನಿ. ನಾಳೆ ನಾನು ಹೆರಿಗೆಗೆ ಆಸ್ಪತ್ರೆ ಸೇರಿದಾಗ ಮನೇಲಿ ನೀವಿಬ್ಬರೇ. ಆಗೇನ್ ಮಾಡ್ತೀರಿ? ಮಗು ಹುಟ್ಟಿತು ಅಂತ ಗೋಡೆಗೆ ಹೇಳ್ತೀರಾ, ಗೋಡೆ ಅಪ್ಪನಿಗೆ ಹೇಳಲಿ ಅಂತ?"

ಅವಳ ಲೆಕ್ಕಾಚಾರ ಸರಳವಾಗಿತ್ತು. ಅಪ್ಪನಿಗೆ ಗೊತ್ತಿರುವುದು ಸಿನಿಮಾ ಒಂದೇ. ಅಳಿಯನೇ ಮನಸ್ಸಿಟ್ಟು ಆರಿಸಿದ ಹೋಮ್ ಥಿಯೇಟರ್ ಮುಂದೆ ಕೂತರೆ, ಇದರ ಸದ್ದು ಹೀಗಿದೆ ಹಾಗಿದೆ ಎಂದಾದರೂ ಒಂದು ಮಾತು ಬಂದೀತು. ಒಂದು ಬಂದರೆ ಸಾಕು, ಉಳಿದವು ಅದರ ಹಿಂದೆ ಬರುತ್ತವೆ. ಆದರೆ ಯಾರನ್ನೂ ಕೇಳದೆ ಅವನೇ ಆರಿಸಬೇಕು. ಆರಿಸಿದ್ದು ನೋಡಿದರೆ ಅಪ್ಪನಿಗೆ ಮನುಷ್ಯ ಎಂಥವನೆಂದು ತಿಳಿಯುತ್ತದೆ.

ಮಾವ ಫೋನಿನಲ್ಲಿ ಮಾತಾಡಿದ್ದೇ ಅಲ್ಲಿನ ವಿಮಾನ ನಿಲ್ದಾಣದಿಂದ. ಇಲ್ಲಿ ಇಳಿಯುವುದು ಅದೇ ದಿನ ಸಂಜೆ. ಕರೆತರುವುದಕ್ಕೆ ತಾನೊಬ್ಬಳೇ ಹೋಗುವುದಾಗಿ ಅವಳು ಹೇಳಿದಳು. ಟ್ಯಾಕ್ಸಿಯಲ್ಲಿ ಅಕ್ಕಪಕ್ಕ ಇಬ್ಬರು ಗಂಡಸರನ್ನು ಕೂರಿಸಿಕೊಂಡು ದಾರಿಯುದ್ದಕ್ಕೂ ಅಂಚೆ ಹಂಚುವ ಶಕ್ತಿ ಅವಳಲ್ಲಿರಲಿಲ್ಲ.

ಕನ್ನಡಕದವನು ಮಧ್ಯಾಹ್ನದ ಮೇಲೆ ರಜೆ ಕೇಳಿದ. ಅದೇ ಮೊದಲ ತಪ್ಪು. ರಜೆ ಏಕೆಂದು ಹೇಳಬೇಕಾಯಿತು, ಹೇಳಿದ್ದನ್ನು ಫ್ರೇಮಿನಕ್ಕ ಕೇಳಿಸಿಕೊಂಡಳು. ಅಂಗಡಿಯ ಮುಂಭಾಗದಲ್ಲಿ ಗಿರಾಕಿಗಳಿಗೆ ಫ್ರೇಮು ತೋರಿಸುವ ಹೆಂಗಸು ಅವಳು. ಅವನು ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು ಅದು. ಗಿರಾಕಿ ಕಪ್ಪು ಬೇಕೆಂದು ಬಂದರೆ ಕಂದು ಹಾಕಿಸಿ ಕಳಿಸುವುದು ಅವಳ ಹೆಮ್ಮೆ. ನೀನೊಬ್ಬನೇ ಹೋದರೆ ನಿನ್ನ ತಲೆ ಬೋಳಿಸಿ ಕಳಿಸುತ್ತಾರೆ ಎಂದು ಕೋಟು ಹಾಕಿಕೊಂಡೇ ಬಿಟ್ಟಳು. ಬೇಡ ಎನ್ನಬೇಕೆಂದು ಅವನು ಬಾಯಿ ತೆರೆದ. ಈ ಊರಿನ ಭಾಷೆಯಲ್ಲಿ ಅವನಿಗೆ ಕಣ್ಣಿನ ಪ್ರತಿಯೊಂದು ನರದ ಹೆಸರೂ ಗೊತ್ತಿತ್ತು. ಮರ್ಯಾದೆಯಿಂದ ಬೇಡ ಎನ್ನುವುದು ಮಾತ್ರ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಅವನು ಪದ ಹುಡುಕಿ ಮುಗಿಸುವಷ್ಟರಲ್ಲಿ ಅವರಿಬ್ಬರೂ ಬಸ್ಸಿನಲ್ಲಿದ್ದರು.

ಹೋಮ್ ಥಿಯೇಟರಿನ ಅಂಗಡಿಯಲ್ಲಿ ಅದಕ್ಕೇ ಒಂದು ಕತ್ತಲೆ ಕೋಣೆ ಮಾಡಿದ್ದರು. ಮೆತ್ತನೆಯ ಸೋಫಾ, ಗೋಡೆಗೆ ಗೋಣಿಯಂಥ ಬಟ್ಟೆ, ನಾಲ್ಕೂ ಕಡೆ ಕರಿಯ ಡಬ್ಬಿಗಳು. ಮಾರುವವನು ತೆಳ್ಳಗೆ, ಶವಸಂಸ್ಕಾರಕ್ಕೆ ಬಂದವನ ಹಾಗೆ ಗಂಭೀರವಾಗಿದ್ದ. ಹಾಲ್ ಎಷ್ಟು ಉದ್ದ ಎಂದು ಕೇಳಿದ.

ಅಳತೆ ಮಾಡಿಕೊಂಡು ಬರುವುದು ಕನ್ನಡಕದವನಿಗೆ ಮರೆತೇಹೋಗಿತ್ತು. ಆದರೆ ಮನೆ ನೋಡಲು ಹೋದ ದಿನವೇ, ಈ ಹಾಲ್ ನಮ್ಮ ಪರೀಕ್ಷೆಯ ಕೋಣೆಯಷ್ಟೇ ಇದೆ ಎಂದುಕೊಂಡದ್ದು ನೆನಪಿತ್ತು. "ನಮ್ಮ ಪರೀಕ್ಷೆಯ ಕೋಣೆಯಷ್ಟು, ಇಪ್ಪತ್ತಡಿ" ಎಂದ.

"ಆ ಕೋಣೆ ನನಗೂ ಗೊತ್ತು," ಎಂದು ಫ್ರೇಮಿನಕ್ಕ ಸಾಕ್ಷಿ ನುಡಿದಳು. "ನಾವೆಲ್ಲ ಅದನ್ನ ಇಪ್ಪತ್ತಡಿ ಕೋಣೆ ಅಂತಲೇ ಕರೆಯೋದು."

ಮಾರುವವನು ಗೌರವದಿಂದ ತಲೆದೂಗಿ ಚಿಕ್ಕ ಡಬ್ಬಿಗಳನ್ನೆಲ್ಲ ಬದಿಗೆ ಸರಿಸಿದ. ಇಪ್ಪತ್ತಡಿಗೆ ಇವು ಸೊಳ್ಳೆಯ ಹಾಡು ಎಂದ. ಆಮೇಲೆ ದೀಪ ಆರಿಸಿ ಗುಡುಗು ಹಾಕಿದ. ಗುಡುಗಿನ ಹಿಂದೆ ಕುದುರೆಗಳು ಬಂದವು. ಎಡಗಡೆಯಿಂದ ಬಂದು, ಸೋಫಾದ ಮೇಲೆ ಹಾದು, ಬಲಗಡೆಗೆ ಹೋದವು. ಕನ್ನಡಕದವನು ಕಾಲು ಮೇಲೆತ್ತಿಕೊಂಡ.

"ಇದು ಒಂದನೇದು," ಎಂದ ಮಾರುವವನು. ಗುಂಡಿ ಒತ್ತಿದ. ಮತ್ತೆ ಅದೇ ಗುಡುಗು, ಅದೇ ಕುದುರೆಗಳು. "ಇದು ಎರಡನೇದು. ಯಾವುದು ಚೆನ್ನಾಗಿದೆ, ಒಂದನೇದಾ, ಎರಡನೇದಾ?"

ತನ್ನ ಮಾತು ಬೇರೆಯವರ ಬಾಯಲ್ಲಿ ಕೇಳಿ ಕನ್ನಡಕದವನ ಬೆನ್ನು ತಣ್ಣಗಾಯಿತು. ಈ ಪ್ರಶ್ನೆಯ ಒಳಗುಟ್ಟೆಲ್ಲ ಅವನಿಗೆ ಗೊತ್ತಿತ್ತು. ಗಿರಾಕಿ ದಣಿದ ಮೇಲೆ ಏನು ಕೇಳಿದರೂ ಎರಡನೇದೇ ಎನ್ನುತ್ತಾನೆ. ಅದಕ್ಕಾಗಿ ಅವನೇ ಒಮ್ಮೊಮ್ಮೆ ಅದೇ ಗಾಜನ್ನು ತೆಗೆದು ಮತ್ತೆ ಹಾಕಿ, ಗಿರಾಕಿ ನಿಜ ಹೇಳುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಿದ್ದ. ಇವನೂ ಒಂದೇ ಡಬ್ಬಿಯನ್ನು ಎರಡು ಸಲ ನುಡಿಸಿರಬಹುದೇ? ಹಾಗೆ ಕೇಳಿದರೆ ತನ್ನ ಕಿವಿ ದಡ್ಡ ಎಂದಾಗುತ್ತದೆ. ಕೇಳದಿದ್ದರೆ ತಾನೇ ದಡ್ಡ. ಮತ್ತೊಮ್ಮೆ ಕುದುರೆಗಳು ಹಾದುಹೋದವು. ಇನ್ನೊಮ್ಮೆ ಹಾದವು. ಫ್ರೇಮಿನಕ್ಕ ಗಡಿಯಾರ ನೋಡಿಕೊಂಡು, ಕರಿಯದು ಯಾರ ಮನೆಗಾದರೂ ಒಪ್ಪುತ್ತದೆ, ನಿನ್ನ ಮೋರೆಗೂ ಒಪ್ಪುತ್ತದೆ ಎಂದಳು.

"ಎರಡನೇದು," ಎಂದ ಕನ್ನಡಕದವನು, ದಣಿದು.

ಎರಡನೆಯದು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ತಂದವರು ಕಟ್ಟಡದ ಕಾವಲುಗಾರನಿಂದ ಬಾಗಿಲು ತೆಗೆಸಿ ಹಾಲಿನಲ್ಲಿ ಇಳಿಸಿ, ಜೋಡಿಸುವ ಫಿಟ್ಟರ್ ನಾಳೆ ಬರುತ್ತಾನೆಂದು ಚೀಟಿ ಬರೆದಿಟ್ಟು ಹೋಗಿದ್ದರು. ಬಾಗಿಲು ತೆರೆದ ಕನ್ನಡಕದವನಿಗೆ ಹಾಲ್ ಕಾಣಲಿಲ್ಲ, ರಟ್ಟಿನ ಪೆಟ್ಟಿಗೆಗಳು ಕಂಡವು. ನೆಲದ ಮೇಲೆ ನಿಲ್ಲುವ ಎರಡು ಕಂಬಗಳು ಅವನ ಎದೆಮಟ್ಟ ಇದ್ದವು. ಗುಡುಗಿಗೆಂದೇ ಇದ್ದ ಡಬ್ಬಿಯೊಂದು ಬಟ್ಟೆ ಒಗೆಯುವ ಯಂತ್ರದಷ್ಟಿತ್ತು. ಅಡ್ಡ ನಿಂತು ಉಸಿರೆಳೆದುಕೊಂಡರೆ ಮಾತ್ರ ಕಿಟಕಿಯವರೆಗೆ ಹೋಗಬಹುದಿತ್ತು.

ಅಷ್ಟು ಹೊತ್ತಿಗೆ ಅವನಿಗೆ ಸತ್ಯ ಹೊಳೆಯಿತು. ಕನ್ನಡಕದಂಗಡಿಯ ಇಪ್ಪತ್ತಡಿ ಕೋಣೆ ನಿಜಕ್ಕೂ ಹತ್ತೇ ಅಡಿ. ಅಕ್ಷರದ ಹಲಗೆಯನ್ನು ಗಿರಾಕಿಯ ತಲೆಯ ಹಿಂದೆ ತೂಗುಹಾಕಿ, ಎದುರಿನ ಕನ್ನಡಿಯಲ್ಲಿ ಓದಿಸುತ್ತಾರೆ. ಕನ್ನಡಿಯವರೆಗೆ ಹೋಗುವ ಹತ್ತಡಿ, ಬರುವ ಹತ್ತಡಿ. ಆ ಕೋಣೆಯಲ್ಲಿ ಅಷ್ಟು ವರ್ಷ ಇಪ್ಪತ್ತಡಿ, ಇಪ್ಪತ್ತಡಿ ಎಂದು ಅಂದೂ ಅಂದೂ ಅವನ ಕಣ್ಣಿಗೆ ಅದು ಇಪ್ಪತ್ತಡಿಯೇ ಆಗಿಹೋಗಿತ್ತು. ಊರಿನವರಿಗೆಲ್ಲ ನೋಟ ಸರಿಮಾಡುವವನು ಪೆಟ್ಟಿಗೆಯ ಮೇಲೆ ಕುಸಿದು ಕೂತ.

ಎದುರು ಮನೆಯಲ್ಲಿ ಒಬ್ಬ ನಿವೃತ್ತ ಲಿಫ್ಟ್ ಮೆಕ್ಯಾನಿಕ್ ಇದ್ದ. ಬದುಕಿಡೀ ಬೇರೆಯವರನ್ನು ಮೇಲೆ ಕೆಳಗೆ ಕಳಿಸಿದ ಅಭ್ಯಾಸದಿಂದ, ಬಾಗಿಲು ತೆರೆದ ಸದ್ದಾದರೆ ಹೊರಗೆ ಬಂದು ನಿಲ್ಲುತ್ತಿದ್ದ. ಈಗ ಒಳಗೇ ಬಂದ, ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಫಿಟ್ಟರ್ ಯಾಕೆ, ಅವರೆಲ್ಲ ಕಳ್ಳರು, ಮಾವ ಬರುವುದರೊಳಗೆ ನಾವೇ ಮುಗಿಸೋಣ ಎಂದ. ಮಾವನನ್ನು ಎದುರುಗೊಳ್ಳಲು ಹಾಕಿಕೊಂಡ ಒಳ್ಳೆಯ ಪ್ಯಾಂಟು ಹಾಳಾಗುತ್ತದೆಂದು ಕಾಲುಗಳೂ ಸೇರಿ ಹೊಲಿದಿದ್ದ ತನ್ನ ಹಳೆಯ ನೀಲಿ ಮೇಲಂಗಿ ತಂದು ಅವನಿಗೆ ತೊಡಿಸಿದ. ಅದು ಮೂರು ಜನಕ್ಕಾಗುವಷ್ಟಿತ್ತು. ಆ ನೀಲಿಯೊಳಗೆ ಕನ್ನಡಕದವನು ಚೀಲದೊಳಗೆ ಉಳಿದ ಒಂದು ಆಲೂಗಡ್ಡೆಯ ಹಾಗೆ ಕಾಣುತ್ತಿದ್ದ.

ಕೆಲಸ ಶುರುವಾಗಿ, ಗುಡುಗಿನ ಡಬ್ಬಿಯನ್ನು ನೆಲಕ್ಕೆ ಇಳಿಸಿದ್ದೇ ಕೆಳಮನೆಯ ನರ್ಸು ಬಂದಳು. ರಾತ್ರಿ ಪಾಳಿಯವಳು, ಹಗಲೇ ಅವಳಿಗೆ ರಾತ್ರಿ. ಕೆದರಿದ ಕೂದಲಲ್ಲಿ, ನಿಲುವಂಗಿಯಲ್ಲಿ, ಅವಳು ದನಿಯನ್ನೇ ಏರಿಸದೆ ನಿಂತಿದ್ದಳು. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

"ನೀವು ಒಳ್ಳೆಯವರು ಅಂತ ನನಗೆ ಗೊತ್ತು," ಎಂದಳು. "ಆದರೆ ನನ್ನ ದಿಂಬು ಇರೋದು ಸರಿಯಾಗಿ ಇದರ ಕೆಳಗೆ."

ಅವಳು ನೆಲದ ಮೇಲೆ ಕಾಲಿನಿಂದ ಗೆರೆ ಎಳೆದು ತನ್ನ ಮಂಚ ತೋರಿಸಿದಳು. ಇಲ್ಲಿ ತಲೆ, ಅಲ್ಲಿ ಕಾಲು. ಕನ್ನಡಕದವನಿಗೆ ಅವಳ ಹೊಟ್ಟೆಯ ಮೇಲೆ ನಿಂತ ಹಾಗಾಗಿ ಪಕ್ಕಕ್ಕೆ ಸರಿದ. ಅಲ್ಲಿ ಅವಳ ಮೊಣಕಾಲಿತ್ತು. ಕೊನೆಗೆ ಗುಡುಗಿನ ಡಬ್ಬಿ ಎಲ್ಲೂ ನೆಲ ಮುಟ್ಟದ ಹಾಗೆ, ಮಾವನಿಗೆಂದು ತಂದಿಟ್ಟ ಹೊಸ ಹಾಸಿಗೆಯ ಮೇಲೆ ಹತ್ತಿ ಕೂತಿತು, ಬೀಗರ ಮನೆಯಿಂದ ಬಂದ ಹಿರಿಯನ ಹಾಗೆ. ಹಿಂದಿನ ಸದ್ದಿನ ಡಬ್ಬಿಗಳಿಗೆ ಹಿಂದೆ ಎನ್ನುವ ಜಾಗವೇ ಇರಲಿಲ್ಲ. ಒಂದನ್ನು ಫ್ರಿಜ್ಜಿನ ಮೇಲೆ, ಇನ್ನೊಂದನ್ನು ಸ್ನಾನದ ಮನೆಯ ಬಾಗಿಲಲ್ಲಿ ಇಟ್ಟರು. ನರ್ಸು ಎಲ್ಲವನ್ನೂ ನೋಡಿ, ಒಂದು ಸಲ ನಿಟ್ಟುಸಿರಿಟ್ಟು, ಕೆಳಗೆ ಹೋಗಿ ಮಲಗಿದಳು.

ಮೆಕ್ಯಾನಿಕ್ ಕಿಟಕಿಯ ಪರದೆ ಎಳೆದ. ಥಿಯೇಟರ್ ಅಂದ ಮೇಲೆ ಕತ್ತಲೆ ಬೇಕಂತೆ. ಪೆಟ್ಟಿಗೆಯ ಜೊತೆ ಬಂದಿದ್ದ ಗುಡುಗು, ಕುದುರೆಗಳ ಡಿಸ್ಕನ್ನು ಒಳಗೆ ಹಾಕಿ, ಸದ್ದಿನ ತಿರುಗಣೆಯನ್ನು ಅದು ತಿರುಗುವಷ್ಟೂ ತಿರುಗಿಸಿದ. ಕನ್ನಡಕದವನು ಮೇಲಂಗಿ ಸುತ್ತಿಕೊಂಡು ಟೀವಿಯ ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅಂಗಾತ ತೂರಿಕೊಂಡು, ಕೆಂಪು ವೈರನ್ನು ಅದು ಹೋಗಬೇಕೆಂದು ಮೆಕ್ಯಾನಿಕ್ ಹೇಳಿದ ಕಡೆ ಚುಚ್ಚಿದ. ಟಪ್ ಎಂದಿತು. ಮನೆಯ ಕರೆಂಟು ಹೋಯಿತು.

"ಏನೂ ಆಗಿಲ್ಲ. ಅಲ್ಲಾಡಬೇಡ, ವೈರು ಬಿಡಬೇಡ," ಎಂದು ಮೆಕ್ಯಾನಿಕ್ ನೆಲಮಾಳಿಗೆಯ ಮೀಟರು ಕೋಣೆ ಹುಡುಕಿಕೊಂಡು ಹೊರಟ. ಹೋಗುವ ದಾರಿ ಮಾಡಿಕೊಳ್ಳಲು ಒಂದು ಕಂಬವನ್ನು ಈಚೆಗೆ ತಳ್ಳಿದ. ಅದು ಬಂದು ಸಂದಿಯ ಬಾಯಿಗೆ ಬಿರಡೆಯ ಹಾಗೆ ಕೂತಿತು. ಕನ್ನಡಕದವನ ಮೊಣಕಾಲಿನ ಕೆಳಗಿನ ಭಾಗ ಹಾಲಿನಲ್ಲೂ ಉಳಿದದ್ದು ಕಪಾಟಿನ ಹಿಂದೆಯೂ ಉಳಿಯಿತು. ಅಲ್ಲಾಡಬೇಡ ಎಂದು ಹೇಳುವ ಅಗತ್ಯ ಇರಲಿಲ್ಲ.

ಬಾಗಿಲು ತೆರೆದ ಸದ್ದಾಯಿತು. ಹೆಂಡತಿಯ ಏದುಸಿರು, ಗಾಲಿಪೆಟ್ಟಿಗೆ ಉರುಳಿದ ಸದ್ದು. ಇಷ್ಟು ಬೇಗ ವಿಮಾನ ಇಳಿಸಿದವನನ್ನು ಕನ್ನಡಕದವನು ಮನಸ್ಸಿನಲ್ಲೇ ಬೈದ. ಅವಳು ಕರೆಂಟಿಲ್ಲವೇ, ಎಲ್ಲಿದ್ದೀರಿ ಎಂದು ಕರೆಯಲು ಬಾಯಿ ತೆರೆದಳೋ ಏನೋ, ಅಷ್ಟರಲ್ಲಿ ಅವಳಪ್ಪ ಏನೋ ಗುಸುಗುಸು ಅಂದರು. ಇನ್ನೊಂದು ಪೆಟ್ಟಿಗೆ ಕೆಳಗೆ ಉಳಿದಿದೆ, ಅದರ ಹತ್ತಿರ ಹೋಗಿ ನಿಂತಿರು ಎಂಬಂತೆ ಕೇಳಿಸಿತು. ಅವಳ ಹೆಜ್ಜೆ ಹಿಂದಕ್ಕೆ ಹೋಯಿತು.

ಕತ್ತಲೆಯಲ್ಲಿ ಯಾರೋ ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು. ಅದು ಕಿರ್ರೆಂದಿತು.

"ಏನಪ್ಪಾ, ಫ್ಯೂಸ್ ಹೋಯ್ತಾ?"

ಆ ದನಿ ಕನ್ನಡಕದವನಿಗೆ ಗೊತ್ತು. ಮೂರು ವರ್ಷದಿಂದ ಅದು ಅವನ ಕಿವಿಯ ಪಕ್ಕದಿಂದ ಹಾದು ಇನ್ನೊಬ್ಬರ ಕಿವಿಗೆ ಹೋಗುತ್ತಿತ್ತು. ಈಗ ನೇರ ಅವನ ಕಾಲಿನ ಮೂಲಕ ಬಂದು ಎದೆಗೆ ತಾಗಿತು. ಮಾವ ತನ್ನನ್ನು ಮಾತಾಡಿಸಿದರು. ತನ್ನನ್ನಲ್ಲ, ನೀಲಿ ಬಟ್ಟೆಯ ಎರಡು ಕಾಲುಗಳನ್ನು.

"ಹ್ಞೂಂ," ಎಂದ.

"ಫಿಟ್ಟರ್ರಾ?"

ಅವನು ಹೊರಗೆ ಬಂದು ನಾನು ಮಾವ ಎನ್ನಬಹುದಿತ್ತು. ಬರಲು ಆಗುತ್ತಿರಲಿಲ್ಲ ಎನ್ನುವುದು ನಿಜ. ಬರಲು ಮನಸ್ಸಾಗಲಿಲ್ಲ ಎನ್ನುವುದು ಇನ್ನೂ ನಿಜ. ಬಂದರೆ ಈ ದನಿ ಮುಗಿದುಹೋಗುತ್ತದೆ. "ಹೌದು ಸಾರ್," ಎಂದ, ಗಂಟಲನ್ನು ಸ್ವಲ್ಪ ಗಡಸು ಮಾಡಿಕೊಂಡು.

"ಯಾವ ವೈರು ಹಿಡಿದಿದೀಯಾ?"

"ಕೆಂಪು."

"ಬಿಡು ಅದನ್ನ, ಎಲ್ಲೂ ಓಡಿಹೋಗಲ್ಲ. ಸುಧಾರಿಸ್ಕೋ." ಪೆಟ್ಟಿಗೆ ಮತ್ತೆ ಕಿರ್ರೆಂದಿತು. ಮಾವ ಆರಾಮಾಗಿ ಕೂತರು ಅನ್ನಿಸಿತು. "ನಾನೂ ನಿನ್ನ ಥರಾನೇ ಯಂತ್ರದ ಹಿಂದೆ ಇದ್ದೋನು. ಸಿನಿಮಾ ಆಪರೇಟರ್. ಆ ಗೂಡಲ್ಲಿ ಇಬ್ಬರಿರ್ತಿದ್ವಿ, ನಾನು, ನನ್ನ ಸಹಾಯಕ. ನನ್ನ ಕಣ್ಣು ಗೋಡೆಯ ಕಿಂಡೀಲಿ, ಅವನ ಕಣ್ಣು ರೀಲಿನ ಮೇಲೆ. ಅವನ ಮನೆ ಸುಖದುಃಖ ಎಲ್ಲ ನನಗೆ ಗೊತ್ತು, ನನ್ನದು ಅವನಿಗೆ ಗೊತ್ತು. ಒಂದು ದಿನಾನೂ ಮುಖ ನೋಡ್ಕೊಂಡು ಮಾತಾಡಿದವರಲ್ಲ. ಒಂದು ಸಲ ಪೇಟೇಲಿ ಎದುರಿಗೆ ಸಿಕ್ಕಿಬಿಟ್ಟ ನೋಡು, ಇಬ್ಬರಿಗೂ ಮಾತೇ ಹೊರಡಲಿಲ್ಲ. ತಲೆ ಆಡಿಸಿ ದಾರಿ ಹಿಡಿದ್ವಿ. ಮಧ್ಯಾಹ್ನ ಗೂಡಿಗೆ ಬಂದು, ಪೇಟೇಲಿ ಸಿಕ್ಕಿದ್ಯಲ್ಲ, ಎಲ್ಲಿಗೆ ಹೋಗ್ತಿದ್ದೆ ಅಂತ ಕೇಳಿದೆ."

ಕನ್ನಡಕದವನ ಮೂಗಿನ ಮೇಲೆ ಧೂಳು ಬೀಳುತ್ತಿತ್ತು, ಸೀನು ಬಾರದಿರಲೆಂದು ಹಲ್ಲು ಕಚ್ಚಿ ಹಿಡಿದ.

"ಹಂಗಾದರೆ ನಿಮ್ಮ ಮಗಳ ಜೊತೆ ಸಾರ್?"

"ಅವಳು ರೀಲಿನ ಡಬ್ಬಿ ಮೇಲೆ ಕೂತ್ಕೊಂಡು ಬೆಳೆದೋಳು. ಅವಳಿಗೆ ನನ್ನ ಬೆನ್ನೇ ಮುಖ."

ಮುಂದಿನ ಪ್ರಶ್ನೆಗೆ ಅವನು ತನ್ನಲ್ಲಿದ್ದ ಧೈರ್ಯವನ್ನೆಲ್ಲ ಗುಡಿಸಿ ಒಂದುಕಡೆ ಮಾಡಬೇಕಾಯಿತು. "ಅಳಿಯ?"

ಮಾವ ಪೆಟ್ಟಿಗೆಯ ಮೇಲೆ ಸರಿದು ಕೂತರು.

"ಒಳ್ಳೇನೇ," ಎಂದರು. "ಕಣ್ಣು ಪರೀಕ್ಷೆ ಕೆಲಸ ಅವನದು. ಅದೇ ಕಷ್ಟ. ಎದುರು ನಿಂತ ಅಂದ್ರೆ ನೇರ ಕಣ್ಣೊಳಗೇ ನೋಡ್ತಾನೆ, ರೆಪ್ಪೆ ಬಡಿಯಲ್ಲ. ನಾನು ಒಂದು ಮಾತು ಜೋಡಿಸ್ಕೊಂಡು ಬಾಯಿ ತೆಗೀಬೇಕು, ಅಷ್ಟರಲ್ಲಿ ಏನೋ ಕಾಯಿಲೆ ಕಂಡೋನ ಥರ ಕಣ್ಣು ಕಿರಿದು ಮಾಡ್ತಾನೆ. ಮುಗೀತು. ಮಾತು ತಿರುಗಿ ಮಗಳ ಕಡೆ ಓಡುತ್ತೆ. ಅವಳಿಗೆ ಅದು ಅರ್ಥ ಆಗಲ್ಲ. ನಾನು ಅವನ ಮೇಲೆ ಕೋಪ ಮಾಡ್ಕೊಂಡಿದೀನಿ ಅಂದ್ಕೊಂಡಿದಾಳೆ."

ಮೂರು ವರ್ಷ ಯಾವ ನೋಟವನ್ನು ಗೌರವ ಎಂದುಕೊಂಡು ಅವನು ಮಾವನ ಮುಖದ ಮೇಲೆ ಇಟ್ಟಿದ್ದನೋ ಅದು ಬ್ಯಾಟರಿ ಬೆಳಕಿನ ಹಾಗೆ ಅವರ ಕಣ್ಣಿಗೆ ಚುಚ್ಚಿತ್ತು. ಕಾಯಿಲೆಯನ್ನೂ ಅವನು ನಿಜವಾಗಿಯೇ ಕಂಡಿದ್ದ. ಹೇಳಲು ಎಂದೂ ಮಾತು ಸಿಕ್ಕಿರಲಿಲ್ಲ.

"ಸಾರ್, ನಿಮ್ಮ ಎಡಗಣ್ಣು ಸ್ವಲ್ಪ ಮಂಜಾಗಿದೆಯಾ?"

"ಆಗಿದೆ. ನಿನಗೆ ಹ್ಯಾಗೆ ಗೊತ್ತಾಯ್ತು?"

"ಸುಮ್ಮನೆ ಕೇಳಿದೆ."

"ಹ್ಞೂಂ," ಎಂದರು ಮಾವ. ಆ ಹ್ಞೂಂಕಾರದಲ್ಲಿ ನಗು ಇತ್ತೋ ಕೆಮ್ಮು ಇತ್ತೋ ಕಪಾಟಿನ ಹಿಂದಕ್ಕೆ ತಿಳಿಯಲಿಲ್ಲ. "ಈ ಡಬ್ಬಿಗಳನ್ನೂ ಅವನೇ ಆರಿಸಿ ತಂದನಂತೆ, ನನಗೋಸ್ಕರ. ಬೆಂಕಿಪೊಟ್ಟಣದಲ್ಲಿ ಆನೆ ಕಟ್ಟಿದ ಹಾಗಿದೆ. ನನಗೋ, ಸದ್ದು ಅಂದ್ರೆ ಆಗಲ್ಲ. ಗೂಡಿನೊಳಗೆ ಯಂತ್ರದ ಸದ್ದು ಬಿಟ್ಟರೆ ಇನ್ನೇನೂ ಕೇಳ್ತಿರಲಿಲ್ಲ. ಅದೂ ದಾಟಿ ಹಾಲಿನಲ್ಲಿ ಜನರ ಗಲಾಟೆ ಕೇಳಿಸ್ತು ಅಂದ್ರೆ ರೀಲು ಕಿತ್ತಿದೆ ಅಂತಾನೇ ಅರ್ಥ. ಇವತ್ತಿಗೂ ಸದ್ದು ಜೋರಾದ್ರೆ ಎದೆ ಹೊಡ್ಕೊಳ್ಳುತ್ತೆ. ಹೋಗಲಿ ಬಿಡು, ತಂದಿದಾನೆ." ದನಿ ಸ್ವಲ್ಪ ತಗ್ಗಿತು. "ಮಗಳು ಆಸ್ಪತ್ರೆಗೆ ಹೋದರೆ ಮನೇಲಿ ನಾನು, ಅವನು, ಇಬ್ಬರೇ. ಅದಕ್ಕೆ ವಿಮಾನದಲ್ಲಿ ಕೂತು ಅವನಿಗೆ ಹೇಳೋಕೆ ಅಂತ ಒಂದು ಮಾತು ಜೋಡಿಸ್ಕೊಂಡು ಬಂದೆ. ಏನಂದ್ರೆ..."

ಕರೆಂಟು ಬಂತು.

ಗುಡುಗಿನ ಡಬ್ಬಿ ಮಾವನ ಹಾಸಿಗೆಯ ಮೇಲಿಂದ ಗುಡುಗಿತು. ಕುದುರೆಗಳು ಫ್ರಿಜ್ಜಿನ ಮೇಲಿಂದ ಹೊರಟು ಸ್ನಾನದ ಮನೆಗೆ ನುಗ್ಗಿದವು. ಅಡುಗೆಮನೆಯಲ್ಲಿ ಲೋಟಗಳೆಲ್ಲ ಒಟ್ಟಿಗೆ ನಡುಗಿದವು. ಕನ್ನಡಕದವನು ಬೆಚ್ಚಿ ಎದ್ದ ರಭಸಕ್ಕೆ ಕಪಾಟು ಮುಂದೆ ಸರಿದು, ಕಂಬ ಉರುಳಿ, ಅವನು ಹೊರಗೆ ಬಿದ್ದ. ಕೈಗೆ ಸಿಕ್ಕ ವೈರುಗಳನ್ನೆಲ್ಲ ಕಿತ್ತ. ಮೌನವಾಯಿತು. ಆ ಮೌನದಲ್ಲಿ ಕೆಳಮನೆಯ ಬಾಗಿಲು ತೆರೆದದ್ದು, ನರ್ಸಿನ ಚಪ್ಪಲಿ ಮೆಟ್ಟಿಲು ಹತ್ತಿದ್ದು ಸ್ಪಷ್ಟವಾಗಿ ಕೇಳಿಸಿತು.

ಮಾವ ಎದೆ ಹಿಡಿದುಕೊಂಡು ಎದ್ದು ನಿಂತಿದ್ದರು. ಕನ್ನಡಕದವನು ತಲೆಯಿಂದ ಕಾಲಿನವರೆಗೆ ಧೂಳಾಗಿ, ಕೈಯಲ್ಲಿ ವೈರುಗಳ ಗೊಂಚಲು ಹಿಡಿದು ಅವರೆದುರು ನಿಂತ. ಆ ಒಂದು ಕ್ಷಣ ನೋಡಬಾರದಿತ್ತು. ಆದರೆ ಮನುಷ್ಯನ ಅಭ್ಯಾಸ ಎಲ್ಲಿ ಹೋಗುತ್ತದೆ? ಅವನು ನೇರ ಅವರ ಕಣ್ಣೊಳಗೇ ನೋಡಿದ. ಎಡಗಣ್ಣಿನ ಪೊರೆ ಬಲಿತಿತ್ತು. ಅವನಿಗೆ ತಿಳಿಯದ ಹಾಗೆ ಅವನ ಕಣ್ಣು ಕಿರಿದಾಯಿತು.

ಮಾವನ ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಅವರು ಪೆಟ್ಟಿಗೆ ಎಳೆದುಕೊಂಡು ಒಳಗೆ ಬರುತ್ತಿದ್ದ ಮಗಳ ಕಡೆ ತಿರುಗಿದರು. "ನಿನ್ನ ಗಂಡನಿಗೆ ಹೇಳು, ಮುಖ ತೊಳ್ಕೊಳ್ಳಲಿ."

ಕನ್ನಡಕದವನು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಅವನ ಹೋಮ್ ಥಿಯೇಟರಿನ ಹಣೆಬರಹ ತೀರ್ಮಾನವಾಗಿತ್ತು. ನರ್ಸು ತಗ್ಗಿದ ದನಿಯಲ್ಲಿ, ತನಗೆ ಕನಸಿನಲ್ಲಿ ಕುದುರೆಗಳು ಬಂದವೆಂದು ಹೇಳಿದ್ದಳು. ಮೀಟರು ಕೋಣೆಯಿಂದ ವಿಜಯಿಯಾಗಿ ಬಂದ ಮೆಕ್ಯಾನಿಕ್, ಇದನ್ನು ಮೊದಲೇ ತರಬಾರದಿತ್ತು, ತಾನು ಮೊದಲೇ ಹೇಳಿದ್ದೆ ಎಂದು ಹೇಳುತ್ತಿದ್ದ. ಹೆಂಡತಿ ಹಾಲಿನಲ್ಲಿ ಎಲ್ಲೂ ಕಾಲಿಡಲು ಜಾಗ ಕಾಣದೆ, ನಾಳೆ ಬೆಳಿಗ್ಗೆಯೇ ಇದು ವಾಪಸ್ ಹೋಗಬೇಕು ಎಂದಳು. ಯಾರೂ ಅವನನ್ನು ಕೇಳಲಿಲ್ಲ. ಅದಷ್ಟೇ ಅವನಿಗೆ ಸ್ವಲ್ಪ ಸಮಾಧಾನ. ಈ ಸಲ ಏನನ್ನೂ ಆರಿಸಬೇಕಾಗಿರಲಿಲ್ಲ.

ನೆರೆಯವರು ಹೋದ ಮೇಲೆ ಮೂವರೂ ಚಹಾದ ಲೋಟ ಹಿಡಿದು ಪೆಟ್ಟಿಗೆಗಳ ಮೇಲೆ ಕೂತರು. ಮಾವ ಕಿಟಕಿಯನ್ನು ನೋಡುತ್ತಿದ್ದರು. ಕನ್ನಡಕದವನು ಕಷ್ಟಪಟ್ಟು ತನ್ನ ಲೋಟವನ್ನು ನೋಡುತ್ತಿದ್ದ. ವಿಮಾನದಲ್ಲಿ ಜೋಡಿಸಿಕೊಂಡು ಬಂದ ಆ ಮಾತು ಏನಿರಬಹುದು? ಅದು ಈಗ ಇದೇ ಹತ್ತಡಿಯಲ್ಲಿ, ಅವನಿಂದ ಒಂದು ಮೊಳ ದೂರದಲ್ಲಿ, ಮಾವನ ಕೋಟಿನೊಳಗೆ ಎಲ್ಲೋ ಕೂತಿತ್ತು. ಇನ್ನು ಅದನ್ನು ಕೇಳುವ ದಾರಿ ಇಲ್ಲ. ಆ ಫಿಟ್ಟರ್ ಮತ್ತೆ ಬರುವುದಿಲ್ಲ.

"ನಿನ್ನ ಗಂಡನಿಗೆ ಹೇಳು," ಎಂದರು ಮಾವ, ಕಿಟಕಿಯಿಂದ ಕಣ್ಣು ತೆಗೆಯದೆ. "ಈ ಡಬ್ಬಿಗಳನ್ನ ವಾಪಸ್ ಕೊಡೋದು ಬೇಡ. ಕರೆಂಟೂ ಕೊಡೋದು ಬೇಡ. ನಾಳೆ ಸಾಯಂಕಾಲ ಅದೇ ನೀಲಿ ಬಟ್ಟೆ ಹಾಕ್ಕೊಂಡು ಅಲ್ಲೇ ಹಿಂದುಗಡೆ ಮಲಗಲಿ. ನನ್ನ ಮಾತು ಅರ್ಧಕ್ಕೆ ನಿಂತಿದೆ."

ಹೆಂಡತಿಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಕನ್ನಡಕದವನ ಮುಖಕ್ಕೆ ಬಿಸಿ ಏರಿತು. ಈ ಊರಿನ ಯಾವ ಫಿಟ್ಟರಿಗೆ ತಮ್ಮ ಮನೆಮಾತು ಬರುತ್ತದೆ? ಮಾವ ಮೊದಲನೇ ಪ್ರಶ್ನೆಯನ್ನೇ ಮನೆಮಾತಿನಲ್ಲಿ ಕೇಳಿದ್ದರು. ಅವನು ಅದರಲ್ಲೇ ಹ್ಞೂಂ ಎಂದಿದ್ದ, ಸಾರ್ ಎಂದಿದ್ದ, ಗಂಟಲನ್ನು ಬೇರೆ ಗಡಸು ಮಾಡಿಕೊಂಡಿದ್ದ.

ಈಗಲಾದರೂ ನೇರವಾಗಿ ಒಂದು ಮಾತು ಹೇಳಬೇಕೆಂದು ಅವನು ತಲೆಯೆತ್ತಿದ. ಮಾವ ಅದೇ ಹೊತ್ತಿಗೆ ಕಿಟಕಿಯಿಂದ ಈಚೆ ತಿರುಗಿದ್ದರು. ಕಣ್ಣಿಗೆ ಕಣ್ಣು ಸಿಕ್ಕಿತು. ಅವರ ರೆಪ್ಪೆ ಪಟಪಟನೆ ಬಡಿಯಿತು. ಅವನ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ಕಾಲು ಜಾರಿತು. ಮದುವೆಯಾದಾಗಿನಿಂದ ಎಂದೂ ಮಾಡದಿದ್ದ ಕೆಲಸವನ್ನು ಅವನು ಆವತ್ತು ಮಾಡಿದ. ಹೆಂಡತಿಯ ಕಡೆ ತಿರುಗಿದ.

"ನಿಮ್ಮಪ್ಪನಿಗೆ ಹೇಳು," ಎಂದ. "ಅಲ್ಲಿ ನೆಲ ಬಹಳ ತಣ್ಣಗಿದೆ. ಒಂದು ದಿಂಬಾದರೂ ಬೇಕಾಗುತ್ತೆ."